ಎಂಡೋಸಲ್ಫಾನ್ ಪೀಡಿತರ ಆರೋಗ್ಯ ನಿಗಾ

ಕಾಸರಗೋಡು, ದಕ್ಷಿಣ ಕನ್ನಡ ಜಿಲ್ಲೆಗಳ ಗೇರು ತೋಟಗಳಲ್ಲಿ ಸಿಂಪಡಿಸಿದ ಎಂಡೋಸಲ್ಫಾನ್ ಕೀಟನಾಶಕದಿಂದ ಬಾಧಿತರಾದವರನ್ನು ಗುರುತಿಸಿ, ದೀರ್ಘಕಾಲ ತಪಾಸಣೆಗೆ ಒಳಪಡಿಸುವ ವ್ಯವಸ್ಥೆ. ದೂರವೈದ್ಯಕ್ಕೆ (ಟೆಲಿಮೆಡಿಸಿನ್) ಇದರಲ್ಲಿ ಅವಕಾಶ ತೆರೆದದ್ದು 2020ರಲ್ಲಿ.

ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ ಸುಮಾರು ಎರಡು ದಶಕ, 2000ದ ಡಿಸೆಂಬರ್‌ವರೆಗೆ, ಹೆಲಿಕಾಪ್ಟರಿನಿಂದ ಸಿಂಪಡಣೆ ನಡೆಸಿತು. ಬಾವಿ ಮುಚ್ಚಿಡಿ ಎಂಬ ಸೂಚನೆ ಇತ್ತಾದರೂ ಕಾಸರಗೋಡಿನ ಎಣ್ಮಕಜೆ ಪಂಚಾಯತಿನ ಪಡ್ರೆಯ ಜನ ಸುರಂಗ, ತೋಡುಗಳ ನೀರನ್ನೂ ನೆಚ್ಚಿಕೊಂಡವರು. ಅಪಸ್ಮಾರ, ಬುದ್ಧಿಮಾಂದ್ಯ, ಕ್ಯಾನ್ಸರ್ ಅಲ್ಲಿ ಹೆಚ್ಚಿರುವುದನ್ನು ಸ್ಥಳೀಯ ವೈದ್ಯ ಡಾ. ವೈ. ಎಸ್. ಮೋಹನ್ ಕುಮಾರ್ ಗಮನಿಸಿದರು. ಪತ್ರಕರ್ತ ಶ್ರೀಪಡ್ರೆ ಅದನ್ನು ಹೊರಗೆ ತಿಳಿಸಿದರು.

ಕಾರಣದ ಬಗ್ಗೆ ವರದಿಗಳು ಒಂದನ್ನೊಂದು ಒಪ್ಪುವುದಿಲ್ಲ. 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಪಡ್ರೆಯವರ ರಕ್ತದಲ್ಲಿ ಕೀಟನಾಶಕದ ಶೇಷ ಕಂಡಿತು. ಕಾರ್ಪೊರೇಶನ್ ಮಾಡಿಸಿದ ಪರೀಕ್ಷೆ ಇಲ್ಲವೆಂದಿತು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ 117 ಬಾಲಕರನ್ನು ಬೇರೆಡೆಯ 90 ಬಾಲಕರೊಡನೆ ಹೋಲಿಸಿ, ಲೈಂಗಿಕ ಬೆಳವಣಿಗೆ ತಡವಾಗಿದೆಯೆಂದು 2003ರಲ್ಲಿ ಪ್ರಕಟಿಸಿತು. ಎಂಡೋಸಲ್ಫಾನ್ ದೇಹದಿಂದ ಬೇಗ ಹೊರಹೋಗುವುದರಿಂದ ವರ್ಷಗಳ ನಂತರದ ರಕ್ತಪರೀಕ್ಷೆ ಏನನ್ನೂ ಸಾಬೀತು ಮಾಡದು. ರೋಗಿಯ ದಾಖಲೆಯೇ ಮುಖ್ಯ ಪುರಾವೆಯಾಗುತ್ತದೆ. ಸುಪ್ರೀಂ ಕೋರ್ಟ್ 2011ರ ಮೇ 13ರಂದು ಈ ಕೀಟನಾಶಕವನ್ನು ತಡೆಯಿತು.

ಪೀಡಿತರು ಯಾರು ಎಂಬುದೂ ವಿವಾದವೇ. ಕಾಸರಗೋಡಿನ 2017ರ ಶಿಬಿರದಲ್ಲಿ ಮೊದಲು ಆಯ್ಕೆಯಾದವರು 1,905. ಅಂತಿಮ ಪಟ್ಟಿಯಲ್ಲಿ ಉಳಿದವರು 287. ಪ್ರತಿಭಟನೆಗಳ ನಂತರ ಇನ್ನಷ್ಟು ಹೆಸರು ಸೇರಿದವು. ದಕ್ಷಿಣ ಕನ್ನಡದಲ್ಲಿ ಅಂಗವೈಕಲ್ಯದ ಪ್ರಮಾಣ ನೋಡಿ ಮಾಸಾಶನ ಕೊಡುವ ಪದ್ಧತಿ ಬಂತು. ಕೊಕ್ಕಡ, ಕೊಯಿಲಗಳಲ್ಲಿ ಪಾಲನಾ ಕೇಂದ್ರಗಳು ಆರಂಭವಾದವು.

ಕೋವಿಡ್ ಕಾರಣದಿಂದ 2020ರ ಮಾರ್ಚ್‌ನಲ್ಲಿ ಕರ್ನಾಟಕ ಗಡಿ ಮುಚ್ಚಿದಾಗ, ಮಂಗಳೂರಿನ ಆಸ್ಪತ್ರೆಗಳನ್ನು ನಂಬಿದ್ದ ಕಾಸರಗೋಡಿನ ರೋಗಿಗಳು ಗಡಿಯ ತಲಪಾಡಿಯಲ್ಲೇ ತಡೆಯಲ್ಪಟ್ಟರು. ಅದೇ ತಿಂಗಳ 25ರಂದು ಹೊರಬಂದ ಕೇಂದ್ರದ ದೂರವೈದ್ಯ ಮಾರ್ಗಸೂಚಿ, ಆರು ತಿಂಗಳೊಳಗೆ ವೈದ್ಯರು ಖುದ್ದು ನೋಡಿದ ರೋಗಿಗೆ ಅದೇ ಕಾಯಿಲೆಯ ಮುಂದುವರಿದ ಸಲಹೆಯನ್ನು ಫೋನಿನಲ್ಲಿ ಕೊಡಲು ಅವಕಾಶ ನೀಡಿತು. ಏಪ್ರಿಲ್‌ನಲ್ಲಿ ಬಂದ ಇ-ಸಂಜೀವಿನಿ ಒಪಿಡಿ ಸಾಮಾನ್ಯ ದೂರವೈದ್ಯ ಸಲಹಾ ಸೇವೆ, ಈ ಪೀಡಿತರಿಗೆಂದೇ ರೂಪಿಸಿದ್ದಲ್ಲ.

2022ರ ಮೇ 13ರಂದು ಸುಪ್ರೀಂ ಕೋರ್ಟ್, ಪೀಡಿತರ ಪಟ್ಟಿ, ಪರಿಹಾರ, ವೈದ್ಯಕೀಯ ಸೌಲಭ್ಯಗಳ ಪರಿಶೀಲನೆಗೆ ಪ್ರತಿ ತಿಂಗಳೂ ಸಭೆ ಸೇರಬೇಕೆಂದು ಕೇರಳದ ಮುಖ್ಯ ಕಾರ್ಯದರ್ಶಿಗೆ ಆದೇಶಿಸಿತು.