ಕೆಲವೇ ಸೆಂಟಿಮೀಟರ್ ಗಿಡ್ಡ

2006ರಲ್ಲಿ ಫ್ರಾನ್ಸಿನ ತುಲೂಸ್ ಊರಿನ ಕಾರ್ಖಾನೆಯೊಂದರಲ್ಲಿ ಜರ್ಮನಿಯಿಂದ ಬಂದ ಸಾವಿರಕ್ಕೂ ಹೆಚ್ಚು ಜನ ಕೈಯಾರೆ ವೈರು ಎಳೆಯುತ್ತಿದ್ದರು. ಅವರ ಮುಂದೆ ಸಾಲಾಗಿ ನಿಂತಿದ್ದದ್ದು ಪ್ರಪಂಚದ ಅತಿ ದೊಡ್ಡ ಪ್ರಯಾಣಿಕ ವಿಮಾನ, ಏರ್‌ಬಸ್ ಎ380. ರೆಕ್ಕೆ ಸರಿ ಇತ್ತು, ಇಂಜಿನ್ ಸರಿ ಇತ್ತು. 2005ರ ಏಪ್ರಿಲ್ 27ರಂದು ಮೊದಲನೇ ವಿಮಾನ ಹಾರಿ, ಚಪ್ಪಾಳೆಯನ್ನೂ ಗಿಟ್ಟಿಸಿತ್ತು. ಆದರೆ ಕೊಂಡವರಿಗೆ ಕೊಡಬೇಕಾದ ವಿಮಾನಗಳಲ್ಲಿ ಒಂದು ಭಾಗದ ವೈರು ಇನ್ನೊಂದು ಭಾಗದ ಕನೆಕ್ಟರ್ ಮುಟ್ಟುತ್ತಿರಲಿಲ್ಲ. ಕೆಲವೇ ಸೆಂಟಿಮೀಟರ್ ಗಿಡ್ಡ.

ಇಷ್ಟು ಸಣ್ಣ ವಿಷಯಕ್ಕೆ ಎರಡು ವರ್ಷ ತಡ ಆಗುತ್ತಾ ಅಂತ ನೀವು ಕೇಳಬಹುದು. ಐಟಿಯಲ್ಲಿ ಇರುವವರು ಮಾತ್ರ ಕೇಳಲ್ಲ. ಅವರಿಗೆ ಈ ಕತೆ ಬೇರೆ ಹೆಸರಲ್ಲಿ ಗೊತ್ತು.

ಎ380ಯ ಹೊಟ್ಟೆಯ ಮುಂದಿನ ಮತ್ತು ಹಿಂದಿನ ಭಾಗ ತಯಾರಾಗುತ್ತಿದ್ದದ್ದು ಜರ್ಮನಿಯ ಹ್ಯಾಂಬರ್ಗಿನಲ್ಲಿ. ಅಲ್ಲೇ ಅದರೊಳಗೆ ವೈರಿನ ಕಂತೆಗಳನ್ನು ಕೂರಿಸಿ ಜೋಡಣೆಗೆ ತುಲೂಸಿಗೆ ಕಳಿಸುತ್ತಿದ್ದರು. ಎರಡೂ ಕಡೆ ವಿನ್ಯಾಸಕ್ಕೆ ಬಳಸುತ್ತಿದ್ದದ್ದು ಕಟಿಯಾ ಎನ್ನುವ ಒಂದೇ ಸಾಫ್ಟ್‌ವೇರ್. ಆದರೆ ಹ್ಯಾಂಬರ್ಗಿನಲ್ಲಿ ಇದ್ದದ್ದು ವಿ4, ತುಲೂಸಿನಲ್ಲಿ ವಿ5. ವಿ5 ಅಂದರೆ ಹಳೇದಕ್ಕೆ ಬಣ್ಣ ಬಳಿದದ್ದಲ್ಲ, ಹೊಸದಾಗಿಯೇ ಬರೆದದ್ದು. ಹೀಗಾಗಿ ಒಂದರ ನಕ್ಷೆ ಇನ್ನೊಂದಕ್ಕೆ ದಾಟುವಾಗ ಪೂರ್ತಿ ದಾಟುತ್ತಿರಲಿಲ್ಲ. ಇದರ ಜೊತೆಗೆ, ತೂಕ ಉಳಿಸಲು ಹಲವು ಕಡೆ ತಾಮ್ರದ ಬದಲು ಅಲ್ಯುಮಿನಿಯಂ ವೈರು ಹಾಕಿದ್ದರು. ಅದು ತಾಮ್ರದಷ್ಟು ಸಲೀಸಾಗಿ ಬಗ್ಗಲ್ಲ. ಮೂಲೆಯಲ್ಲಿ ತಿರುಗಿಸಲು ಹೆಚ್ಚು ಜಾಗ ಬೇಕು, ಹೆಚ್ಚು ಉದ್ದ ಬೇಕು. ಪರದೆ ಮೇಲೆ ಎಲ್ಲ ಕೂಡುತ್ತಿತ್ತು, ಕೈಯಲ್ಲಿ ಹಿಡಿದರೆ ಕೂಡುತ್ತಿರಲಿಲ್ಲ.

ಒಂದು ಎ380ಯಲ್ಲಿ ಸುಮಾರು 530 ಕಿಲೋಮೀಟರ್ ವೈರು ಇರುತ್ತದೆ. ಹೆಚ್ಚುಕಮ್ಮಿ ಬೆಂಗಳೂರಿಂದ ಹೈದರಾಬಾದಿಗೆ ಎಳೆಯುವಷ್ಟು. ವಿಮಾನ ಹಾರಲು ಬೇಕಾದದ್ದು ಅದರಲ್ಲಿ ಒಂದು ಪಾಲು ಅಷ್ಟೇ. ನಮ್ಮ ಸೀಟಿನ ಟಿವಿ, ಓದುವ ದೀಪ, ಒರಗುವ ಸೀಟಿನ ಮೋಟಾರು, ಅಡುಗೆಕಟ್ಟೆಯ ಓವನ್, ಎಲ್ಲದಕ್ಕೂ ವೈರು ಬೇಕು. ಮೇಲಾಗಿ ಪ್ರತಿ ಕಂಪನಿಗೂ ತನ್ನ ಒಳಾಂಗಣ ಬೇರೆಯವರಂತೆ ಇರಬಾರದು. ಸಿಂಗಾಪುರ್ ಏರ್‌ಲೈನ್ಸ್‌ಗೆ ಬಾಗಿಲಿರುವ 12 ಪುಟ್ಟ ಕೋಣೆಗಳು ಬೇಕು, ಎಮಿರೇಟ್ಸ್‌ಗೆ ಆಕಾಶದಲ್ಲಿ ಸ್ನಾನಕ್ಕೆ ಶವರ್ ಬೇಕು. ಸೀಟಿನ ಜಾಗ ಬದಲಾದರೆ ವೈರಿನ ದಾರಿ ಬದಲು, ದಾರಿ ಬದಲಾದರೆ ಮತ್ತೆ ನಕ್ಷೆ ಬದಲು. ಬದಲಾವಣೆ ಬಂದಷ್ಟೂ ಆ ಎರಡು ವರ್ಷನ್ನುಗಳ ನಡುವಿನ ಬಿರುಕು ದೊಡ್ಡದಾಯಿತು.

ಹ್ಯಾಂಬರ್ಗಿನವರ ಲೆಕ್ಕದಲ್ಲಿ ಅವರ ಕೆಲಸ ಸರಿ, ತುಲೂಸಿನವರ ಲೆಕ್ಕದಲ್ಲಿ ಅವರದ್ದೂ ಸರಿ. ಎರಡೂ ಸೇರುವ ಜಾಗ ಯಾರದ್ದು? ಅದಕ್ಕೆ ವಾರಸುದಾರರೇ ಇರಲಿಲ್ಲ.

ಕೆಟ್ಟ ಸುದ್ದಿ ಬಂದದ್ದೂ ಕಂತಿನಲ್ಲಿ. 2005ರ ಜೂನಿನಲ್ಲಿ ಸುಮಾರು ಆರು ತಿಂಗಳು ತಡ ಅಂದರು. 2006ರ ಜೂನಿನಲ್ಲಿ ಇನ್ನೂ ಆರೇಳು ತಿಂಗಳು. ಅದೇ ವರ್ಷ ಅಕ್ಟೋಬರಿನಲ್ಲಿ ಮತ್ತೊಂದು ವರ್ಷ. ಎರಡನೇ ಕಂತಿನ ಸುದ್ದಿ ಹೊರಬಿದ್ದಾಗ ಏರ್‌ಬಸ್‌ನ ಒಡೆತನದ ಇಎಡಿಎಸ್ ಕಂಪನಿಯ ಷೇರು ಒಂದೇ ದಿನದಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಕುಸಿಯಿತು. ಜುಲೈನಲ್ಲಿ ಏರ್‌ಬಸ್ ಮುಖ್ಯಸ್ಥ ಗುಸ್ತಾವ್ ಹಂಬರ್ಟ್ ರಾಜೀನಾಮೆ ಕೊಟ್ಟರು. ಅವರ ಜಾಗಕ್ಕೆ ಬಂದ ಕ್ರಿಸ್ತಿಯಾನ್ ಸ್ಟ್ರೈಫ್ ನೂರು ದಿನದ ಆಸುಪಾಸಿನಲ್ಲಿ ಅವರೂ ಹೊರಟರು. ನವೆಂಬರಿನಲ್ಲಿ ಫೆಡೆಕ್ಸ್ ತನ್ನ 10 ಸರಕು ವಿಮಾನಗಳ ಆರ್ಡರ್ ರದ್ದು ಮಾಡಿ ಬೋಯಿಂಗ್ ಕಡೆ ನಡೆಯಿತು. 2007ರ ಫೆಬ್ರವರಿಯಲ್ಲಿ ಪವರ್8 ಅನ್ನುವ ಚಂದದ ಹೆಸರಿಟ್ಟು, ನಾಲ್ಕು ವರ್ಷದಲ್ಲಿ 10,000 ಕೆಲಸ ಕಡಿತ ಅಂತ ಘೋಷಿಸಿದರು. ಆಗ ಬೀದಿಗಿಳಿದದ್ದು ಆ ವೈರು ಎಳೆದವರ ಊರುಗಳೇ, ತುಲೂಸ್ ಮತ್ತು ಹ್ಯಾಂಬರ್ಗ್. ವರ್ಷನ್ ಬದಲಿಸುವುದನ್ನು ಮುಂದೂಡಿದ ತೀರ್ಮಾನ ಅವರದ್ದಾಗಿರಲಿಲ್ಲ.

ಕಾಯುತ್ತಿದ್ದ ವಿಮಾನಯಾನ ಕಂಪನಿಗಳ ಪಾಡೇನು? 2006ರ ಜೂನಿನಲ್ಲಿ, ಆ ಎರಡನೇ ತಡದ ಬಿಸಿ ಆರುವ ಮುಂಚೆಯೇ, ಸಿಂಗಾಪುರ್ ಏರ್‌ಲೈನ್ಸ್ 20 ಬೋಯಿಂಗ್ 787 ಬೇಕು ಅಂತ ಹೇಳಿತು. ಏರ್‌ಬಸ್ ಮುಖಕ್ಕೆ ಹೊಡೆದ ಹಾಗೆ. ಆದರೆ 787 ಕೂಡ ಜಾರಿತು. 2007ರ ಜುಲೈ 8ರಂದು ಬೋಯಿಂಗ್ ಸಂಭ್ರಮದಿಂದ ತೋರಿಸಿದ್ದು ಒಳಗೆ ಬಹುಪಾಲು ಖಾಲಿ ಇದ್ದ ಚಿಪ್ಪು. ಅದು ಹಾರಿದ್ದು 2009ರ ಡಿಸೆಂಬರಿನಲ್ಲಿ, ಮೊದಲ ಗ್ರಾಹಕನ ಕೈ ಸೇರಿದ್ದು 2011ರ ಸೆಪ್ಟೆಂಬರಿನಲ್ಲಿ. ಸಿಂಗಾಪುರದ ಆ 20 ವಿಮಾನಗಳು ಕೊನೆಗೆ ಅದರದ್ದೇ ಅಗ್ಗದ ಕಂಪನಿ ಸ್ಕೂಟ್ ಪಾಲಾದವು, ಬರಲು ಶುರುವಾದದ್ದು 2015ರಲ್ಲಿ.

ಮೊದಲ ಎ380 ಸಿಂಗಾಪುರ್ ಏರ್‌ಲೈನ್ಸ್‌ಗೆ ಸಿಕ್ಕಿದ್ದು 2007ರ ಅಕ್ಟೋಬರ್ 15ರಂದು. ಹತ್ತೇ ದಿನಕ್ಕೆ ಅದು ಸಿಡ್ನಿಗೆ ಹಾರಿತು. ಆ ಪ್ರಯಾಣದ ಸೀಟುಗಳನ್ನು ಹರಾಜು ಹಾಕಿ ಬಂದ ದುಡ್ಡನ್ನು ದಾನ ಕೊಟ್ಟರು. ಅಷ್ಟು ಕಾದು ಪಡೆದ ಆ ವಿಮಾನ ಹಾರಿದ್ದು ಹತ್ತು ವರ್ಷ. 2017ರಲ್ಲಿ ಲೀಸ್ ಮುಗಿಯಿತು, ಬೇರೆ ಯಾರೂ ತಗೊಳ್ಳಲಿಲ್ಲ, ಬಿಡಿಭಾಗಕ್ಕಾಗಿ ಕಳಚಿಹಾಕಿದರು. 251 ವಿಮಾನಗಳ ನಂತರ, 2021ರಲ್ಲಿ ಎ380 ತಯಾರಿಕೆಯೇ ನಿಂತಿತು. ತಡ ಒಂದೇ ಕಾರಣ ಅಲ್ಲ, ನಾಲ್ಕು ಇಂಜಿನ್ನಿಗೆ ಹೊಟ್ಟೆ ತುಂಬಿಸುವುದು ದುಬಾರಿಯಾಗಿತ್ತು. ಆದರೆ ಮಾರಾಟಕ್ಕೆ ಒಳ್ಳೆಯ ಕಾಲವಾಗಿದ್ದ ಆ ಎರಡು ವರ್ಷ ವಾಪಸ್ ಬರಲಿಲ್ಲ.

ಸಾಫ್ಟ್‌ವೇರ್ ಸರಿಹೋಯಿತು, ಕಾಯುವುದು ತಪ್ಪಲಿಲ್ಲ. 2025ರಲ್ಲಿ ಲುಫ್ತಾನ್ಸಾದ ಹಲವು ಹೊಸ 787ಗಳು ತಯಾರಾಗಿ ಅಮೆರಿಕದಲ್ಲೇ ನಿಂತಿದ್ದವು. ಕಾರಣ, ಹೊಸ ಬಿಸಿನೆಸ್ ಕ್ಲಾಸ್ ಸೀಟಿಗೆ ಸುರಕ್ಷತೆಯ ಅನುಮತಿ ಸಿಕ್ಕಿರಲಿಲ್ಲ. ಬಾಗಿಲು, ಟಿವಿ, ಹಾಸಿಗೆ ಎಲ್ಲ ಇರುವ ಸೀಟು ಅಪಘಾತದ ಹೊಡೆತದಲ್ಲೂ ಕಿತ್ತುಬರಬಾರದು ಅಂತ ಪರೀಕ್ಷೆ ಮಾಡಿ ತೋರಿಸಬೇಕು. ಅದು ಬೇಡ ಅಂತ ನಾವ್ಯಾರೂ ಹೇಳಲ್ಲ.

2022ರ ಅಕ್ಟೋಬರಿನಿಂದ ಎಮಿರೇಟ್ಸ್‌ನ ಎ380 ನಮ್ಮ ಬೆಂಗಳೂರಿಗೂ ಬರುತ್ತಿದೆ. ಮುಂದೆಂದಾದರೂ ದುಬೈಗೆ ಅದರಲ್ಲಿ ಹೋದರೆ, ತಲೆ ಮೇಲಿನ ಓದುವ ದೀಪ ಒಮ್ಮೆ ಹಾಕಿ ನೋಡಿ. ಆ ವೈರಿನ ಎರಡು ತುದಿ ಕೂಡಲಿ ಅಂತ ಒಂದು ಕಾಲದಲ್ಲಿ ಎರಡು ದೇಶದ ಜನ ರಾತ್ರಿ ಹಗಲು ಕೂತಿದ್ದರು. ಸೋಮವಾರ ಆಫೀಸಿಗೆ ಹೋದಾಗ, ಪಕ್ಕದ ಟೀಮಿನವರು ಯಾವ ವರ್ಷನ್ನಿನಲ್ಲಿದ್ದಾರೆ ಅಂತಲೂ ಒಮ್ಮೆ ಕೇಳಿ.