ಅಡಿಬರಹದ ವರ್ಣದೋಷ: ಒಂದು ತಾಳಮದ್ದಳೆಯ ದಾಖಲೆಯನ್ನು ಕುರಿತು

ಪುತ್ತೂರು, ಸುಳ್ಯ, ಕಡಬ ಸೀಮೆಗಳಲ್ಲಿ ತಾಳಮದ್ದಳೆಯು ಎಷ್ಟು ಆಳವಾಗಿ ಬೇರೂರಿದೆಯೆಂಬುದನ್ನು ವಾಚಕರಿಗೆ ವಿವರಿಸಬೇಕಾಗಿಲ್ಲ. ಬಯಲಾಟದಲ್ಲಿ ಪಾತ್ರವನ್ನು ಕಿರೀಟ, ಮುಖವರ್ಣಿಕೆಗಳೇ ಸಾರಿ ಹೇಳುತ್ತವೆ. ತಾಳಮದ್ದಳೆಯಲ್ಲಾದರೋ ವೇಷವಿಲ್ಲ, ಕುಣಿತವಿಲ್ಲ, ಅರ್ಥಧಾರಿಗಳ ಮಾತೇ ಸರ್ವಸ್ವ. ಆ ಮಾತೂ ಬರೆದಿಟ್ಟದ್ದಲ್ಲ. ಕೂಟದಲ್ಲಿಯೇ ಹುಟ್ಟಿ ಕೂಟದೊಡನೆಯೇ ಕರಗಿಹೋಗುವಂಥದು. ಆದುದರಿಂದ ಈ ಕಲೆಯ ಇತಿಹಾಸಕಾರನಿಗೆ ದೃಶ್ಯಮುದ್ರಿಕೆಗಳು ಓಲೆಯ ಪ್ರತಿಗಳಿದ್ದಂತೆ. ಓಲೆಯ ಪ್ರತಿಯಲ್ಲಿ ಲಿಪಿಕಾರನ ಪ್ರಮಾದಗಳಿರುವಂತೆ ಇವಕ್ಕೂ ತಮ್ಮವೇ ದೋಷಗಳುಂಟು. ಅಂಥದೊಂದನ್ನು ಇಲ್ಲಿ ಪರಿಶೀಲಿಸಿದೆ.

ಕೆಲವು ವರ್ಷಗಳ ಹಿಂದೆ ನಾನೂ ನನ್ನ ವಿದ್ಯಾರ್ಥಿಗಳೂ ಪುತ್ತೂರಿನ ಪರಿಸರದ 'ಕೃಷ್ಣ ಸಂಧಾನ' ಕೂಟವೊಂದರ ಮುದ್ರಿಕೆಯನ್ನು ಡಿವಿಡಿಗೆ ಅಳವಡಿಸಿದೆವು. ಕಿವಿ ಮಂದವಾದವರಿಗೂ ಹೊರಜಿಲ್ಲೆಯ ವಿದ್ಯಾರ್ಥಿಗಳಿಗೂ ನೆರವಾಗಲೆಂದು ಮಾತನ್ನೆಲ್ಲ ಅಡಿಬರಹವಾಗಿ ಕೊಟ್ಟೆವು. ಕ್ಯಾಮೆರಾ ಬಹುಮಟ್ಟಿಗೆ ಇಡೀ ಕೂಟದತ್ತಲೇ ನಿಂತಿದ್ದುದರಿಂದ ಮಾತನಾಡುವವರು ಯಾರೆಂದು ಗುರುತಿಸುವುದು ಕಷ್ಟ. ಅದಕ್ಕಾಗಿ ಕೃಷ್ಣನ ಮಾತಿಗೆ ಹಳದಿ, ಕೌರವನ ಮಾತಿಗೆ ತಿಳಿನೀಲಿ, ಭಾಗವತರ ಪದಗಳಿಗೆ ಬಿಳಿ ಎಂದು ನಿಯಮಿಸಿ ಹೊದಿಕೆಯ ಮೇಲೆ ಅಚ್ಚುಹಾಕಿಸಿದೆವು. ತಟ್ಟೆಯನ್ನು ಓಡಿಸಿ ನೋಡಲಾಗಿ, ಕೃಷ್ಣನ ಮಾತು ನೀಲಿಯಾಗಿಯೂ ಕೌರವನದು ಹೊಂಬಣ್ಣವಾಗಿಯೂ ಕಂಡವು! ಹೊದಿಕೆಯನ್ನು ನಂಬಿ ಓದುವವನಿಗೆ ಕೌರವನ ಹಠವೆಲ್ಲ ಕೃಷ್ಣನ ಬಾಯಿಂದಲೇ ಹೊರಡುತ್ತಿತ್ತು.

1996ರಲ್ಲಿ ಬಳಕೆಗೆ ಬಂದ ಡಿವಿಡಿಯಲ್ಲಿ ಅಡಿಬರಹವೆಂಬುದು ವಾಸ್ತವವಾಗಿ ಅಕ್ಷರವಲ್ಲ, ಚಿತ್ರ. ಅದರ ಪ್ರತಿಯೊಂದು ಬಿಂದುವೂ ಹಿನ್ನೆಲೆ, ಅಕ್ಷರ, ಅಂಚು ಮೊದಲಾದ ನಾಲ್ಕು ಬಗೆಗಳಲ್ಲೊಂದು. ಬಣ್ಣವು ಆ ಚಿತ್ರದೊಳಗಿಲ್ಲ. 'ಐಎಫ್‌ಒ' ಎಂಬ ಬೇರೊಂದು ಕಡತದಲ್ಲಿರುವ 16 ಬಣ್ಣಗಳ ಪಟ್ಟಿಯಲ್ಲಿದೆ. ಅಡಿಬರಹವು ಪಟ್ಟಿಯ ಇಂತಿಷ್ಟನೆಯ ಬಣ್ಣವೆಂದು ಸೂಚಿಸುತ್ತದೆ, ಅಷ್ಟೆ. ಪಟ್ಟಿಯಲ್ಲಿ ಒಂದೊಂದು ಬಣ್ಣವನ್ನೂ ಮೂರು ಸಂಖ್ಯೆಗಳಿಂದ ಬರೆಯುತ್ತಾರೆ: ಮೊದಲು ಪ್ರಕಾಶ, ಅನಂತರ ಪ್ರಕಾಶಕ್ಕೂ ಕೆಂಪಿಗೂ ಇರುವ ಅಂತರ, ಕೊನೆಗೆ ಪ್ರಕಾಶಕ್ಕೂ ನೀಲಿಗೂ ಇರುವ ಅಂತರ.

ಸೂಚಿಸಿದ ಕ್ರಮಾಂಕಗಳೇ ಅದಲುಬದಲಾಗಿರಬೇಕೆಂದು ನಾನು ಮೊದಲು ಊಹಿಸಿದ್ದೆ. ಹಾಗಾಗಿದ್ದರೆ ನಾವು ಕೊಟ್ಟ ಹಳದಿಯೇ ಕೌರವನಿಗೆ ಸಂದಿರಬೇಕಿತ್ತು. ಕಂಡ ಹೊಂಬಣ್ಣವಾದರೋ ನಮ್ಮ ಪಟ್ಟಿಯಲ್ಲಿಯೇ ಇರಲಿಲ್ಲ. ಬಿಳಿ ಮಾತ್ರ ಕೆಟ್ಟಿರಲಿಲ್ಲ. ಬಿಳಿಯ ಎರಡು ಅಂತರಗಳೂ 128. ಹಿಂದುಮುಂದು ಮಾಡಿದರೂ ಬಿಳಿ ಬಿಳಿಯೇ. ಹಳದಿಯಲ್ಲಿ ಕೆಂಪಿನದು 146, ನೀಲಿಯದು 16, ತಿರುಗಿಸಿದರೆ ತಿಳಿನೀಲಿ. ತಿಳಿನೀಲಿಯನ್ನು ತಿರುಗಿಸಿದರೆ ಹೊಂಬಣ್ಣ. ಪಟ್ಟಿಯನ್ನು ಬರೆಯುವಾಗ ನಾವೇ ಎರಡು ಅಂತರಗಳ ಸ್ಥಾನವನ್ನು ಪಲ್ಲಟಗೊಳಿಸಿದ್ದೆವು. ಪ್ರತಿ ಎತ್ತುವವನು ಎರಡು ಅಕ್ಷರಗಳನ್ನು ಹಿಂದುಮುಂದು ಬರೆದಂತೆಯೇ ಸರಿ.

ಹೊದಿಕೆಯನ್ನೇ ತಿದ್ದಿ ಅಚ್ಚುಹಾಕಿಸಿದರೆ ಸಾಲದೆ ಎಂದು ವಿದ್ಯಾರ್ಥಿಯೊಬ್ಬನು ಕೇಳಿದನು. ಅಗ್ಗದ ಉಪಾಯವೇ, ಆದರೆ ಹೊದಿಕೆ ಕಳೆದುಹೋಗುವ ವಸ್ತು. ಸರಿಯಾದ ಬಣ್ಣದ ಅಕ್ಷರಗಳನ್ನು ದೃಶ್ಯದಲ್ಲಿಯೇ ಬೆರೆಸಿಬಿಡುವ ಮಾರ್ಗವನ್ನೂ ನಾನು ಒಪ್ಪಲಿಲ್ಲ. ಬೆರೆಸಿದ ಮೇಲೆ ಮುಂದಿನ ಸಂಶೋಧಕನು ನಮ್ಮ ಬರಹವನ್ನು ಮೂಲದಿಂದ ಬೇರ್ಪಡಿಸಲಾರನು. ಪಟ್ಟಿಯೆಂದರೆ ಒಟ್ಟು 64 ಬೈಟುಗಳು. ಅಷ್ಟನ್ನು ತಿದ್ದಿದರೆ ದೃಶ್ಯವಾಗಲಿ ಅಡಿಬರಹದ ಚಿತ್ರವಾಗಲಿ ಮುಟ್ಟಿದಂತಾಗದು. ಕೂಟದ ಎರಡು ಭಾಗಗಳಿಗೂ ಪ್ರತ್ಯೇಕ ಪಟ್ಟಿಗಳಿದ್ದುದನ್ನು ಮರೆತು, ಮೊದಲ ಸಲ ಪೂರ್ವಾರ್ಧವನ್ನಷ್ಟೇ ಸರಿಪಡಿಸಿದ್ದೆವು. 'ಬಿಯುಪಿ' ಎಂಬ ರಕ್ಷಾಪ್ರತಿಯನ್ನೂ ತಿದ್ದಬೇಕು. ಇಲ್ಲವಾದರೆ ಒಂದೇ ತಟ್ಟೆಯಲ್ಲಿ ಎರಡು ಪಾಠಗಳು ಉಳಿಯುತ್ತವೆ.

ನಾವು ಬಳಸಿದುದು ಒಮ್ಮೆ ಮಾತ್ರ ಬರೆಯಬಹುದಾದ ತಟ್ಟೆಯಾದುದರಿಂದ ಹೊಸದನ್ನೇ ಸಿದ್ಧಪಡಿಸಬೇಕಾಯಿತು. ಹಳೆಯದನ್ನು, ದೋಷವನ್ನು ವಿವರಿಸುವ ಚೀಟಿಯೊಡನೆ, ಗ್ರಂಥಾಲಯದಲ್ಲಿ ಇರಿಸಿದೆ. ಅಷ್ಟರಲ್ಲಿ ಅದರ ಮೂರು ಪ್ರತಿಗಳು ಸುಳ್ಯ, ಕಡಬಗಳ ಆಸಕ್ತರ ಕೈಸೇರಿದ್ದವು. ಎರಡನ್ನು ಮರಳಿ ಪಡೆದೆವು. ಮೂರನೆಯದು ಇನ್ನೂ ಬಂದಿಲ್ಲ.