ಕಾಳಗ ನೋಡಿ ದಣಿದ ಜಪಾನ್

2003ರ ಡಿಸೆಂಬರ್ 31ರ ರಾತ್ರಿ. ವರ್ಷದ ಆ ಕೊನೆಯ ರಾತ್ರಿ ಜಪಾನಿನಲ್ಲಿ ಮನೆಮಂದಿಯೆಲ್ಲ ಕಿರುತೆರೆಯ ಮುಂದೆ ಕೂರುವುದು ರೂಢಿ. ಅಲ್ಲಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆ ಅರ್ಧ ಶತಮಾನದಿಂದ ಆ ಹೊತ್ತಿಗೆ ಒಂದು ಹಾಡಿನ ಸ್ಪರ್ಧೆಯನ್ನು ಪ್ರಸಾರ ಮಾಡುತ್ತಿತ್ತು. ಗಂಡಸರದು ಒಂದು ತಂಡ, ಹೆಂಗಸರದು ಇನ್ನೊಂದು. ಆ ವರ್ಷ ಇದಕ್ಕೆ ಎದುರಾಗಿ ಮೂರು ಖಾಸಗಿ ಚಾನೆಲ್ಲುಗಳು ನಗೋಯಾ, ಸೈತಾಮ, ಕೋಬೆ ಎಂಬ ಮೂರು ಊರುಗಳಿಂದ ಕಾಳಗದ ಪಂದ್ಯಗಳನ್ನು ತೋರಿಸಿದವು.

ನಗೋಯಾದ ಪಂದ್ಯವನ್ನು ತೋರಿಸಿದ್ದು ಟಿಬಿಎಸ್ ಚಾನೆಲ್. ಸುಮೋ ಕುಸ್ತಿಯ ಪರಮೋಚ್ಚ ಪದವಿಯಾದ ಯೊಕೊಜುನಾ ಪಡೆದ ಮೊದಲ ವಿದೇಶಿ ಮೂಲದ ಜಟ್ಟಿ ಅಕೆಬೊನೊ ಒಂದು ಕಡೆ; ಅಮೆರಿಕದ ಮಾಜಿ ಫುಟ್‌ಬಾಲ್ ಆಟಗಾರ ಬಾಬ್ ಸ್ಯಾಪ್ ಇನ್ನೊಂದು ಕಡೆ. ಮೂರು ನಿಮಿಷ ತುಂಬುವ ಮೊದಲೇ ಅಕೆಬೊನೊ ಗುದ್ದು ತಿಂದು ಬೋರಲು ಬಿದ್ದಿದ್ದರು. ಆ ಕೆಲವು ನಿಮಿಷ ಟಿಬಿಎಸ್‌ನ ವೀಕ್ಷಕರ ಪ್ರಮಾಣ ಶೇಕಡಾ 43ಕ್ಕೆ ಏರಿತು; ಎನ್‌ಎಚ್‌ಕೆಯದು 35.5. ಹಾಡಿನ ಸ್ಪರ್ಧೆ ಹೀಗೆ ಹಿಂದೆ ಬಿದ್ದದ್ದು ಅದೇ ಮೊದಲು.

ನಾನೂ ಅದೇ ಕಸುಬಿನವನಾದ್ದರಿಂದ ಮರುದಿನ ಆ ಚಾನೆಲ್ಲಿನ ಕಚೇರಿಯ ಸಂಭ್ರಮವನ್ನು ಊಹಿಸಬಲ್ಲೆ. ಆದರೆ ಮೂರೂವರೆ ವರ್ಷ ತುಂಬುವ ಮೊದಲೇ, ಅದೇ ರಾತ್ರಿ ಸೈತಾಮದಲ್ಲಿ ಪಂದ್ಯ ನಡೆಸಿದ್ದ 'ಪ್ರೈಡ್' ಎಂಬ ದೊಡ್ಡ ಸಂಸ್ಥೆ ಮಾರಾಟವಾಗಿ ಹೋಯಿತು. ಹೇಗೆ? ಇದನ್ನು ತಿಳಿಯಲು ನೀವು ನನ್ನೊಡನೆ ಸ್ವಲ್ಪ ಹಿಂದಕ್ಕೆ ಬರಬೇಕು.

ಜಪಾನಿನಲ್ಲಿ ದೂರದರ್ಶನ ಆರಂಭವಾದದ್ದು 1953ರಲ್ಲಿ. ಮರುವರ್ಷದ ಫೆಬ್ರವರಿಯಲ್ಲಿ ರಿಕಿದೋಜಾನ್ ಎಂಬ ಕುಸ್ತಿಪಟು ಶಾರ್ಪ್ ಸಹೋದರರೊಡನೆ ಸೆಣಸಿದ. ಮನೆಯಲ್ಲಿ ಸೆಟ್ ಇಟ್ಟುಕೊಳ್ಳುವ ಶಕ್ತಿ ಕೆಲವರಿಗಷ್ಟೇ ಇದ್ದ ಕಾಲ. ರಸ್ತೆ ಬದಿಯಲ್ಲಿ ನಿಲ್ಲಿಸಿದ್ದ ಸೆಟ್ಟುಗಳ ಮುಂದೆ ಜನ ಕಿಕ್ಕಿರಿದರು. ಯುದ್ಧದಲ್ಲಿ ಸೋತ ನಾಡು ತನ್ನವನೊಬ್ಬ ಅಮೆರಿಕನ್ನರನ್ನು ಬಡಿಯುವುದನ್ನು ಕಣ್ತುಂಬ ನೋಡಿತು. ಒಂದು ಮಾತು ಇಲ್ಲಿ ಹೇಳಲೇಬೇಕು: ಆ 'ಅಮೆರಿಕನ್ನರು' ಹುಟ್ಟಿದ್ದು ಕೆನಡಾದಲ್ಲಿ, ಆ 'ಜಪಾನಿ ವೀರ' ಹುಟ್ಟಿದ್ದು ಕೊರಿಯಾದಲ್ಲಿ. ಕಿರುತೆರೆ ಅದನ್ನು ಹೇಳಲಿಲ್ಲ.

ಇಂಥ ಕುಸ್ತಿಯಲ್ಲಿ ಗೆಲುವು ಸೋಲು ಮೊದಲೇ ಗೊತ್ತುಮಾಡಿದ್ದು. ಪ್ರೇಕ್ಷಕರಿಗೂ ಅದರ ಗುಮಾನಿ ಇತ್ತು. ನಿಜವಾಗಿ ಹೋರಾಡಿದರೆ ಯಾರು ಗೆಲ್ಲುತ್ತಾರೆ ಎಂಬ ಕುತೂಹಲ ಒಳಗೊಳಗೇ ಬೆಳೆಯಿತು. 1976ರ ಜೂನ್ 26ರಂದು ಟೋಕಿಯೊದಲ್ಲಿ ಮುಹಮ್ಮದ್ ಅಲಿಗೂ ಕುಸ್ತಿಪಟು ಆಂಟೋನಿಯೊ ಇನೋಕಿಗೂ ಪಂದ್ಯ ಏರ್ಪಟ್ಟಿತು. ಇನೋಕಿ ಬಹುಪಾಲು ಹೊತ್ತು ನೆಲದ ಮೇಲೆ ಮಲಗಿಕೊಂಡೇ ಅಲಿಯ ಕಾಲಿಗೆ ಒದೆಯುತ್ತಿದ್ದ. ಹದಿನೈದು ಸುತ್ತುಗಳಲ್ಲಿ ಅಲಿ ಹೊಡೆದ ಗುದ್ದುಗಳನ್ನು ಬೆರಳ ಮೇಲೆ ಎಣಿಸಬಹುದಿತ್ತು. ಪಂದ್ಯ ಸಮ, ಜನ ರೇಗಿ ಕಸ ಎಸೆದರು. ನಿಜವಾದ ಕಾಳಗ ನೋಡಲು ಸೊಗಸಾಗಿಯೇ ಇರಬೇಕೆಂದೇನೂ ಇಲ್ಲ ನೋಡಿ!

ಗುದ್ದು, ಒದೆ, ಕುಸ್ತಿಯ ಪಟ್ಟು, ಜುಜುತ್ಸುವಿನ ಕೀಲು ತಿರುಚುವಿಕೆ ಎಲ್ಲವೂ ಸೇರಿದ ಮಿಶ್ರ ಸಮರ ಕಲೆ ಅಮೆರಿಕದಲ್ಲಿ 1993ರಲ್ಲಿ ಯುಎಫ್‌ಸಿ ಹೆಸರಿನಿಂದ ಕಣಕ್ಕಿಳಿಯಿತು. ಸೆನೆಟರ್ ಜಾನ್ ಮೆಕೇನ್ ಅದನ್ನು ಮನುಷ್ಯರ ಕೋಳಿ ಅಂಕವೆಂದು ಜರೆದರು. ಜಪಾನಿನ ಪ್ರೈಡ್ ಹುಟ್ಟಿದ್ದು 1997ರ ಅಕ್ಟೋಬರ್ 11ರಂದು. ಕುಸ್ತಿಯ ತಾರೆ ತಕಾದಾ ಅಂದು ಬ್ರೆಜಿಲಿನ ರಿಕ್ಸನ್ ಗ್ರೇಸಿಗೆ ಮೊದಲ ಸುತ್ತಿನಲ್ಲೇ ಸೋತರು. ಆ ಗ್ರೇಸಿ ಮನೆತನಕ್ಕೆ ಉತ್ತರ ಕೊಟ್ಟದ್ದು ತಕಾದಾ ಅವರ ಗರಡಿಯ ಹುಡುಗ ಕಜುಶಿ ಸಕುರಾಬಾ. 2000ದ ಮೇ 1ರಂದು ಆತ ರಾಯ್ಸ್ ಗ್ರೇಸಿಯೊಡನೆ ತೊಂಬತ್ತು ನಿಮಿಷ ಹೋರಾಡಿದ. ಕೊನೆಗೆ ಗ್ರೇಸಿಯ ಕಡೆಯವರು ಟವೆಲ್ ಎಸೆದು ಸೋಲೊಪ್ಪಿದರು. ಅದೇ ರಾತ್ರಿ ತನಗಿಂತ ಬಹಳ ಭಾರದ ಇಗೊರ್ ವೊವ್ಚಾಂಚಿನ್‌ನೊಡನೆ ಇನ್ನೂ ಒಂದು ಸುತ್ತು ಕಾದಿದ. ಇಂಥ ರಾತ್ರಿ ಯಾರ ಯೋಜನೆಯಿಂದಲೂ ಆಗುವುದಿಲ್ಲ. ಆದರೆ ಚಾನೆಲ್ಲುಗಳಿಗೆ ಅದು ಪ್ರತಿ ವರ್ಷವೂ ಬೇಕಾಯಿತು.

ನಾನು ವಿಜ್ಞಾನ ಓದಿದವನು. ಒಂದು ಸಂಗತಿ ನೆನಪಾಗುತ್ತದೆ. ನಿಮ್ಮ ಕೈಯಲ್ಲಿ ನೂರು ಗ್ರಾಂ ಇದ್ದಾಗ ಕೆಲವೇ ಗ್ರಾಂ ಸೇರಿಸಿದರೂ ವ್ಯತ್ಯಾಸ ತಿಳಿಯುತ್ತದೆ. ಒಂದು ಕಿಲೋ ಇದ್ದರೆ ಅದರ ಹತ್ತರಷ್ಟು ಸೇರಿಸಬೇಕು. ಇದನ್ನು ತೋರಿಸಿಕೊಟ್ಟವನು ಜರ್ಮನಿಯ ಅರ್ನ್ಸ್ಟ್ ವೇಬರ್. ಸಂಕಲನದ ಮೇಜಿನ ಮುಂದೆ ಕುಳಿತವರಿಗೆ ಈ ನಿಯಮ ಪುಸ್ತಕವಿಲ್ಲದೆಯೇ ಗೊತ್ತು. ಒಂದೇ ಹೊಡೆತವನ್ನು ನಿಧಾನಗತಿಯಲ್ಲಿ ಮೂರನೇ ಸಲ ತೋರಿಸಿದರೆ ನೋಡುವವನು ಎದ್ದು ನೀರು ಕುಡಿಯಲು ಹೋಗುತ್ತಾನೆ.

ಜಪಾನಿನ ಚಾನೆಲ್ಲುಗಳು ಭಾರ ಸೇರಿಸುತ್ತಲೇ ಹೋದವು. ಅಕೆಬೊನೊರನ್ನು 2004ರ ವರ್ಷಾಂತ್ಯಕ್ಕೆ ರಾಯ್ಸ್ ಗ್ರೇಸಿಯ ಮುಂದೆ ನಿಲ್ಲಿಸಿದರು. ಮತ್ತೆ ಮೊದಲ ಸುತ್ತಿನಲ್ಲೇ ಸೋಲು. ಒಂದು ಕಾಲಕ್ಕೆ ಜನ ಗೌರವದಿಂದ ಕಂಡ ಯೊಕೊಜುನಾ ನಗೆಪಾಟಲಾದರು. ಸಕುರಾಬಾ ವಾಂಡರ್ಲೈ ಸಿಲ್ವಾ ಎದುರು 2001ರಲ್ಲಿ ಎರಡು ಸಲ, 2003ರಲ್ಲಿ ಒಮ್ಮೆ ಸೋತ. ಮಂಡಿಗೆ ಪಟ್ಟಿ ಸುತ್ತಿಕೊಂಡು ಬರುವ ಆತನನ್ನು ಮತ್ತೆ ಮತ್ತೆ ಕಣಕ್ಕಿಳಿಸಿದರು. 2006ರ ಆಗಸ್ಟಿನ ಪಂದ್ಯವೊಂದರಲ್ಲಿ ಆತ ಪ್ರಜ್ಞೆ ತಪ್ಪುವಂತೆ ಏಟು ತಿನ್ನುತ್ತಿದ್ದರೂ ರೆಫರಿ ಪಂದ್ಯ ನಿಲ್ಲಿಸಲಿಲ್ಲ. ಆತ ಹೇಗೋ ಚೇತರಿಸಿಕೊಂಡು ಗೆದ್ದ. ಹಿಂದಾಗಿದ್ದರೆ ಅದು ವೀರಗಾಥೆ. ಈ ಸಲ ಅಭಿಮಾನಿಗಳೇ, ಯಾಕೆ ನಿಲ್ಲಿಸಲಿಲ್ಲ ಎಂದು ಕೇಳಿದರು. ನನಗೆ ಈ ಇತಿಹಾಸದಲ್ಲಿ ಗೆದ್ದವರ ಪಟ್ಟಿಗಿಂತ ಆ ಪ್ರಶ್ನೆಯೇ ದೊಡ್ಡದಾಗಿ ಕಾಣುತ್ತದೆ.

ಅಷ್ಟರಲ್ಲಿ ಪ್ರೈಡ್‌ಗೆ ಇನ್ನೊಂದು ಪೆಟ್ಟು ಬಿದ್ದಿತ್ತು. ಸಂಘಟಕರಿಗೆ ಯಾಕುಜಾ ಎಂಬ ಭೂಗತ ಗುಂಪುಗಳ ನಂಟಿದೆಯೆಂದು ವಾರಪತ್ರಿಕೆಯೊಂದು ಬರೆಯಿತು. 2006ರ ಜೂನ್ 5ರಂದು ಫ್ಯೂಜಿ ಟಿವಿ ಒಪ್ಪಂದ ಮುರಿಯಿತು. ಪ್ರಸಾರದ ಹಣವಿಲ್ಲದೆ ಸಂಸ್ಥೆ ಒಂದು ವರ್ಷವೂ ಬಾಳಲಿಲ್ಲ. 2007ರಲ್ಲಿ ಅದನ್ನು ಕೊಂಡವರು ಯುಎಫ್‌ಸಿಯ ಒಡೆಯರೇ. ಅವರು 2001ರಲ್ಲಿ ಕೇವಲ 20 ಲಕ್ಷ ಡಾಲರಿಗೆ ಆ ಕಂಪನಿಯನ್ನು ಪಡೆದು, ತೂಕದ ವರ್ಗ, ಸುತ್ತಿನ ಮಿತಿ, ನಿಷಿದ್ಧ ಹೊಡೆತಗಳ ಕಟ್ಟಳೆಗೆ ಒಗ್ಗಿಸಿ ಬೆಳೆಸಿದ್ದರು. ಪ್ರೈಡ್ ಅನ್ನು ಕೊಂದದ್ದು ಆ ವಾರಪತ್ರಿಕೆ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ; ಒಳಗೆ ಟೊಳ್ಳಾದ ಮರಕ್ಕೆ ಅದು ಬೀಸಿದ ಗಾಳಿಯಷ್ಟೆ.

ಹಾಗಾದರೆ ಜಪಾನಿನವರಿಗೆ ಕಾಳಗವೇ ಬೇಡವಾಯಿತೆ? 2022ರ ಜೂನ್ 19ರಂದು ಟೋಕಿಯೊ ಡೋಮ್‌ನಲ್ಲಿ ತೆನ್ಶಿನ್ ನಸುಕಾವಾ ಮತ್ತು ತಕೆರು ಎಂಬ ಇಬ್ಬರು ಕಿಕ್‌ಬಾಕ್ಸರ್‌ಗಳ ಪಂದ್ಯವಿತ್ತು. ಅಭಿಮಾನಿಗಳು ವರ್ಷಗಳಿಂದ ಕೇಳುತ್ತಿದ್ದ ಪಂದ್ಯ, ಹೆಚ್ಚುಕಡಿಮೆ ಸರಿಸಮಾನ ತೂಕದವರು. ಕೆಲವೇ ವಾರ ಮೊದಲು ಫ್ಯೂಜಿ ಟಿವಿ ಪ್ರಸಾರದಿಂದ ಹಿಂದೆ ಸರಿದಿತ್ತು. ಅಂದು 56,399 ಮಂದಿ ಕ್ರೀಡಾಂಗಣಕ್ಕೇ ಬಂದರು. ಐದು ಲಕ್ಷಕ್ಕೂ ಹೆಚ್ಚು ಮನೆಗಳವರು ಅಂತರ್ಜಾಲದಲ್ಲಿ ಹಣ ಕೊಟ್ಟು ನೋಡಿದರು. ಮೂರು ಸುತ್ತು ನಡೆಯಿತು, ತೀರ್ಪುಗಾರರು ನಸುಕಾವಾ ಗೆದ್ದನೆಂದರು, ತಕೆರು ಅತ್ತುಬಿಟ್ಟ.